ಬ್ರಿಟನ್ ವೀಸಾ ಬ್ಯಾಲಟ್‌ಗೆ ಯಾರಿಗೂ ದುಡ್ಡು ಕೊಡಬೇಡಿ. ನಾನು ಕೊಟ್ಟೆ.

ದಯವಿಟ್ಟು ಓದಿ. ಅದರಲ್ಲೂ 28, 29, 30 ವಯಸ್ಸಿನವರು, ಬ್ರಿಟನ್‌ಗೆ ಹೋಗಿ ಎರಡು ವರ್ಷ ಕೆಲಸ ಮಾಡಬೇಕು ಅಂತ ಆಸೆ ಇಟ್ಟುಕೊಂಡವರು ಓದಿ. ಇಂಡಿಯಾ ಯಂಗ್ ಪ್ರೊಫೆಷನಲ್ಸ್ ಸ್ಕೀಮ್ ವೀಸಾದ ಬ್ಯಾಲಟ್‌ಗೆ, ಅಂದರೆ ಲಾಟರಿ ಥರದ ಆಯ್ಕೆಗೆ, ಹೆಸರು ಹಾಕಲು ಒಂದು ಪೈಸೆಯೂ ಬೇಡ. ಒಂದು ಪೈಸೆಯೂ ಬೇಡ. ನಾನು 45 ಸಾವಿರ ರೂಪಾಯಿ ಕೊಟ್ಟೆ.

ಇಷ್ಟು ದಿನ ಬರೆಯದೆ ಇದ್ದದ್ದು ನಾಚಿಕೆಯಿಂದ. ನಾನು ಅಕೌಂಟ್ಸ್ ಕೆಲಸದಲ್ಲಿದ್ದೇನೆ. ದಿನಾ ಬೇರೆಯವರ ಜಿಎಸ್‌ಟಿ ರಿಟರ್ನ್ ತುಂಬುತ್ತೇನೆ. ಅಂಥವಳು ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ವಿವರ, ಫೋನ್ ನಂಬರ್, ಇಮೇಲ್ ಕೇಳುವ ಒಂದು ಸಣ್ಣ ಫಾರ್ಮ್ ತುಂಬಿಸಲು ವೀಸಾ ಕನ್ಸಲ್ಟೆಂಟ್ ಒಬ್ಬರ ಆಫೀಸಿಗೆ ಹೋಗಿ ಕೂತೆ.

ಇದು 2024ರ ಜುಲೈ ಬ್ಯಾಲಟ್ ಸಮಯದ ಮಾತು. ನನಗೆ ಆಗ 30. ವೀಸಾಕ್ಕೆ ಅರ್ಜಿ ಹಾಕುವ ದಿನ 31 ತುಂಬಿರಬಾರದು. ಡಿಸೆಂಬರಿನಲ್ಲಿ ನನಗೆ 31 ತುಂಬುತ್ತಿತ್ತು. ಅಂದರೆ ಅದೇ ಕೊನೆಯ ಅವಕಾಶ. ಇದನ್ನು ನಾನೇ ಅವರಿಗೆ ಹೇಳಿದೆ. ಹೇಳಬಾರದಿತ್ತು.

"ಮೇಡಂ, ನೀವೇ ಹಾಕಿದ್ರೆ ಅಷ್ಟು ಜನರಲ್ಲಿ ನೀವೂ ಒಬ್ರು. ನಮ್ಮ ಮೂಲಕ ಹಾಕಿದ್ರೆ ಕನ್ಸಲ್ಟೆಂಟ್ ಕೋಟಾದಲ್ಲಿ ಹೋಗುತ್ತೆ. ಗ್ಯಾರಂಟಿ" ಅಂದರು. ಅಂಥ ಕೋಟಾ ಇಲ್ಲವೇ ಇಲ್ಲ. ವರ್ಷಕ್ಕೆ ಇರುವುದೇ 3,000 ಜಾಗ. ಜಾಸ್ತಿ ಪಾಲು ಫೆಬ್ರವರಿ ಬ್ಯಾಲಟ್‌ನಲ್ಲೇ ಹೋಗುತ್ತದೆ, ಉಳಿದದ್ದು ಜುಲೈನಲ್ಲಿ. ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ. ಯಾರೂ ಗ್ಯಾರಂಟಿ ಕೊಡಲು ಸಾಧ್ಯವಿಲ್ಲ. ನನಗೆ ಇದು ಗೊತ್ತಿರಲಿಲ್ಲವಾ? ಸ್ವಲ್ಪ ಗೊತ್ತಿತ್ತು. ಆದರೂ ನಂಬಿದೆ, ಯಾಕೆಂದರೆ ನಂಬಬೇಕಿತ್ತು.

ಆಮೇಲೆ ಅವರು ಹೇಳಿದ್ದು ಇದು: "ಫಾರ್ಮ್‌ನಲ್ಲಿ ನಮ್ಮ ಇಮೇಲ್ ಹಾಕ್ತೀವಿ ಮೇಡಂ. ನಿಮ್ದು ಹಾಕಿದ್ರೆ ರಿಸಲ್ಟ್ ಸ್ಪ್ಯಾಮ್‌ಗೆ ಹೋಗ್ಬಿಡುತ್ತೆ." ನಾನು ಸರಿ ಅಂದೆ. ಇಲ್ಲೇ ಎಲ್ಲ ಮುಗಿದಿತ್ತು.

ಬ್ಯಾಲಟ್ ತೆರೆದಿರುವುದು ಎರಡೇ ದಿನ. ಮುಗಿದ ಎರಡು ವಾರದೊಳಗೆ ಇಮೇಲ್‌ನಲ್ಲಿ ರಿಸಲ್ಟ್ ಬರುತ್ತದೆ. ಎರಡು ವಾರ ಕಳೆಯಿತು. ಕೇಳಿದೆ. "ಪ್ರೊಸೆಸಿಂಗ್‌ನಲ್ಲಿದೆ." ಮೂರನೇ ವಾರ ಕೇಳಿದೆ. "ಟೆನ್ಷನ್ ಮಾಡ್ಕೋಬೇಡಿ, ವೆಯ್ಟಿಂಗ್ ಲಿಸ್ಟ್‌ನಲ್ಲಿ 214ನೇ ನಂಬರ್ ಇದೀರಿ." ಈ ಬ್ಯಾಲಟ್‌ಗೆ ವೆಯ್ಟಿಂಗ್ ಲಿಸ್ಟ್ ಅನ್ನುವುದೇ ಇಲ್ಲ! ಆ 214 ಅನ್ನು ನಾನು ಅಮ್ಮನಿಗೆ ಹೇಳಿದೆ. ಅಮ್ಮ ದೊಡ್ಡಮ್ಮನಿಗೆ ಹೇಳಿದರು. ದಿನಾ ಸಂಜೆ "ಎಷ್ಟಕ್ಕೆ ಬಂತು?" ಅಂತ ಕೇಳುತ್ತಿದ್ದರು. ನಾನು 180, 160 ಅಂತ ಅವರು ಕಳಿಸಿದ್ದನ್ನೇ ಓದಿ ಹೇಳುತ್ತಿದ್ದೆ.

ಸೆಪ್ಟೆಂಬರಿನಲ್ಲಿ ಹೊಸ ಮಾತು ಶುರುವಾಯಿತು. "ಬ್ಯಾಲಟ್ ಆಗಲಿಲ್ಲ ಮೇಡಂ, ಬೇರೆ ದಾರಿ ಇದೆ. ಸ್ಕಿಲ್ಡ್ ವರ್ಕರ್ ವೀಸಾ. ಅಂಗಡಿಯಲ್ಲಿ ಸೂಪರ್‌ವೈಸರ್ ಕೆಲಸ, ವರ್ಷಕ್ಕೆ 24 ಸಾವಿರ ಪೌಂಡ್. ನಮಗೆ 9 ಲಕ್ಷ." ಒಂಬತ್ತು ಲಕ್ಷ ಕೇಳಿದ ಮೇಲೆ ನನಗೆ ಎಚ್ಚರವಾಯಿತು. ರಾತ್ರಿ ಬ್ರಿಟಿಷ್ ಸರ್ಕಾರದ ವೆಬ್‌ಸೈಟ್ ತೆಗೆದು ಕೂತೆ. 2024ರ ಏಪ್ರಿಲ್ 4ರಿಂದ ಆ ವೀಸಾಕ್ಕೆ ಸಾಮಾನ್ಯವಾಗಿ 38,700 ಪೌಂಡ್ ಸಂಬಳ ಬೇಕು ಅಂತ ಮಾಡಿದ್ದರು. 24 ಸಾವಿರ ಎಲ್ಲಿ, 38,700 ಎಲ್ಲಿ! ಹಾಗೇ ಬ್ಯಾಲಟ್‌ನ ಪುಟಕ್ಕೂ ಹೋದೆ. ಅಲ್ಲಿ ನೇರವಾಗಿ ಬರೆದಿದೆ, ಹೆಸರು ಹಾಕುವುದು ಉಚಿತ ಅಂತ. ನಾಲ್ಕೈದು ಸಲ ಓದಿದೆ. ಕೈ ತಣ್ಣಗಾಯಿತು. ಅಮ್ಮ ಪಕ್ಕದ ಕೋಣೆಯಲ್ಲಿ ಮಲಗಿದ್ದರು, ಎಬ್ಬಿಸಲು ಧೈರ್ಯ ಬರಲಿಲ್ಲ.

ಬೆಳಿಗ್ಗೆ ಫೋನ್ ಮಾಡಿ ಕೇಳಿದೆ, ಫ್ರೀ ಇರೋದಕ್ಕೆ 45 ಸಾವಿರ ಯಾಕೆ ತಗೊಂಡ್ರಿ ಅಂತ. ಬಂದ ಉತ್ತರ:

"ಫ್ರೀ ಅಲ್ಲ ಅಂತ ನಾವ್ ಯಾವಾಗ ಹೇಳಿದ್ವಿ ಮೇಡಂ? ನೀವು ಕೇಳಲೇ ಇಲ್ವಲ್ಲ."

ಈ ಮಾತು ಇವತ್ತಿಗೂ ಕಿವಿಯಲ್ಲಿದೆ. ನೀವು ಕೇಳಲೇ ಇಲ್ವಲ್ಲ. ಗ್ಯಾರಂಟಿ ಅಂದಿದ್ರಲ್ಲ ಅಂದರೆ, "ಬರೆದು ಕೊಟ್ಟಿದ್ವಾ?" ರಸೀದಿ ನೋಡಿದರೆ ಅದರಲ್ಲಿ "ಡಾಕ್ಯುಮೆಂಟೇಷನ್ ಚಾರ್ಜ್" ಅಂತ ಮಾತ್ರ ಇದೆ. ಹೋಗಲಿ, ನನ್ನ ಫಾರ್ಮ್ ಕಳಿಸಿದ್ದಕ್ಕೆ ಏನಾದರೂ ಪುರಾವೆ ತೋರಿಸಿ, ರಿಸಲ್ಟ್ ಬಂದ ಇಮೇಲ್ ಆದರೂ ಕಳಿಸಿ ಅಂದೆ. "ಹಳೇ ಮೇಲ್ ಎಲ್ಲ ಡಿಲೀಟ್ ಆಗಿದೆ." ಸಂಜೆಯಷ್ಟರಲ್ಲಿ ನನ್ನ ನಂಬರ್ ಬ್ಲಾಕ್.

ದುಡ್ಡಿಗಿಂತ ನನ್ನನ್ನು ಸುಡುವುದು ಇದು. ನನ್ನ ಹೆಸರು ಬ್ಯಾಲಟ್‌ನಲ್ಲಿ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದು ಬರದೇ ಹೋಗಿದ್ದರೆ ಸರಿ, ಅದೃಷ್ಟ ಇರಲಿಲ್ಲ ಅಂದುಕೊಳ್ಳುತ್ತಿದ್ದೆ. ಆಯ್ಕೆಯಾಗಿ, ಆ ಇಮೇಲ್ ಯಾರೂ ನೋಡದೇ ಹೋಯಿತೋ ಏನೋ. ಅಥವಾ ಫಾರ್ಮೇ ತುಂಬಲಿಲ್ಲವೋ. ಡಿಸೆಂಬರಿನಲ್ಲಿ 31 ತುಂಬಿತು. ಮತ್ತೆ ಹಾಕುವ ಹಾಗಿಲ್ಲ.

ನೀವೇ ತುಂಬಿ. ನಿಮ್ಮದೇ ಇಮೇಲ್ ಹಾಕಿ. ಡಿಗ್ರಿ ಇರಬೇಕು. ಅರ್ಜಿಯ ಸಮಯಕ್ಕೆ ಖಾತೆಯಲ್ಲಿ 2,530 ಪೌಂಡ್ ಸತತ 28 ದಿನ ಇದ್ದಿರಬೇಕು, ಅದನ್ನು ಮೊದಲೇ ನೋಡಿಕೊಳ್ಳಿ. ಆಯ್ಕೆಯಾದರೆ ಖರ್ಚು ಇದೆ, ಸುಳ್ಳು ಹೇಳಲ್ಲ. ಆಗ ವೀಸಾ ಫೀ 298 ಪೌಂಡ್ ಇತ್ತು, ಹೆಲ್ತ್ ಸರ್ಚಾರ್ಜ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಕಟ್ಟುವ ಶುಲ್ಕ) ವರ್ಷಕ್ಕೆ 776 ಪೌಂಡ್. ಅದನ್ನು ಕಟ್ಟುವುದು ಆಯ್ಕೆಯಾದ ಮೇಲೆ, ಅದೂ ಸರ್ಕಾರದ ವೆಬ್‌ಸೈಟ್‌ನಲ್ಲೇ. ಅದಕ್ಕೂ ಮೊದಲು ಯಾರಾದರೂ ದುಡ್ಡು ಕೇಳಿದರೆ ಎದ್ದು ಬನ್ನಿ.

ನಾನು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟಿದ್ದೇನೆ. ಗ್ರಾಹಕರ ಸಹಾಯವಾಣಿ 1915ಕ್ಕೂ ಕೊಟ್ಟಿದ್ದೇನೆ. ದುಡ್ಡು ಇನ್ನೂ ಬಂದಿಲ್ಲ. ನನ್ನ ಪಾಸ್‌ಪೋರ್ಟ್ ಕಾಪಿ ಇನ್ನೂ ಅವರ ಹತ್ತಿರವೇ ಇದೆ.

ನೀವು ಈಗಾಗಲೇ ಯಾರಿಗಾದರೂ ದುಡ್ಡು ಕೊಟ್ಟಿದ್ದರೆ, ನಿಮ್ಮ ಫಾರ್ಮ್‌ನಲ್ಲಿ ಯಾರ ಇಮೇಲ್ ಹಾಕಿದ್ದಾರೆ ಅಂತ ಇವತ್ತೇ ಕೇಳಿ. ನಾಳೆಗೆ ಇಡಬೇಡಿ.