ತೋರಿಸಿದ್ದು ಒಂದು, ಕಟ್ಟಿಕೊಟ್ಟಿದ್ದು ಇನ್ನೊಂದು: ಹಳೇ ಕಾರಿನ ಸಾಮಾನು ಸಂತೆಗೆ ಹೋಗುವವರು ದಯವಿಟ್ಟು ಓದಿ

ಹಳೇ ಫಿಯೆಟ್, ಪದ್ಮಿನಿ, ಅಂಬಾಸಿಡರ್, ಜೀಪು ಇಟ್ಟುಕೊಂಡಿರುವ ಎಲ್ಲರಿಗೂ ಒಂದು ಮಾತು. ಸಂತೆಯಲ್ಲಿ ಬ್ರೇಕಿನ ಸಾಮಾನು ಕೊಳ್ಳಬೇಡಿ. ಕೊಳ್ಳಲೇಬೇಕಾಗಿ ಬಂದರೆ, ನೀವು ಕೈಯಲ್ಲಿ ಹಿಡಿದು ನೋಡಿದ ಪೀಸನ್ನೇ ಮನೆಗೆ ತನ್ನಿ. "ಇದರದ್ದೇ ಹೊಸ ಡಬ್ಬಿ ಕೊಡ್ತೀನಿ" ಅಂದರೆ ಬೇಡ ಅನ್ನಿ. ನನ್ನ ಕಾರಿಗೆ ಬ್ರೇಕ್ ಹಿಡಿಯದೇ ಹೋದ ದಿನ ಹಿಂದಿನ ಸೀಟಿನಲ್ಲಿ ಅಮ್ಮ ಕೂತಿದ್ದರು. ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ.

ಕೋಲಾರದ ಹತ್ತಿರ ಹೆದ್ದಾರಿ ಪಕ್ಕದ ಒಂದು ಮೈದಾನದಲ್ಲಿ ವರ್ಷಕ್ಕೊಮ್ಮೆ ಹಳೇ ಗಾಡಿಗಳ ಬಿಡಿಭಾಗದ ಸಂತೆ ಸೇರುತ್ತದೆ. ಮಾರುವವರೂ ಬರುತ್ತಾರೆ, ಒಂದಕ್ಕೊಂದು ಬದಲಾಯಿಸಿಕೊಳ್ಳುವವರೂ ಬರುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಕಡೆಯವರು, ಚೆನ್ನೈನ ಪುದುಪೇಟೆಯಿಂದ ಬಂದವರು, ಆಂಧ್ರದ ಗಡಿಯಾಚೆಯವರು ಎಲ್ಲ ಇರುತ್ತಾರೆ. ನೆಲಕ್ಕೆ ಟಾರ್ಪಾಲ್ ಹಾಸಿ ಹೆಡ್‌ಲೈಟ್ ರಿಂಗು, ಹಬ್‌ಕ್ಯಾಪು, ಹಾರ್ನು, ಸ್ಪೀಡೋಮೀಟರು, ಕಾರ್ಬುರೇಟರು ಹರಡಿಕೊಂಡು ಕೂತಿರುತ್ತಾರೆ. ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕರಲ್ಲೂ ಚೌಕಾಸಿ ನಡೆಯುತ್ತದೆ. ಒಳ್ಳೆಯ ಜನ ಇಲ್ಲ ಅಂತ ನಾನು ಹೇಳುವುದಿಲ್ಲ. ನನ್ನ ಹತ್ತಿರ ಸುಮ್ನೆ ಬಿದ್ದಿದ್ದ ಒಂದು ಜೊತೆ ಹಬ್‌ಕ್ಯಾಪ್ ಕೊಟ್ಟು ನಾಲ್ಕೂ ಕಿಟಕಿಗೆ ಗಾಜು ಇಳಿಸುವ ಹ್ಯಾಂಡಲ್ ತಂದಿದ್ದೇನೆ. ಕೊಟ್ಟ ಹಿರಿಯರು, ಯಾವ ಸ್ಕ್ರೂ ಹಾಕಬೇಕು ಅಂತ ಚೀಟಿಯಲ್ಲಿ ಬರೆದುಕೊಟ್ಟರು. ಅಂಥವರಿಗಾಗಿಯೇ ಜನ ಅಷ್ಟು ದೂರದಿಂದ ಬರುತ್ತಾರೆ.

ನಮಗೆ ಬೇರೆ ದಾರಿಯೂ ಕಡಿಮೆ. ಪದ್ಮಿನಿ ತಯಾರಾಗುವುದು ನಿಂತು ಎರಡು ದಶಕ ದಾಟಿತು. ಉತ್ತರಪಾಡಾದ ಕಾರ್ಖಾನೆಯಲ್ಲಿ ಅಂಬಾಸಿಡರ್ 2014ರಲ್ಲಿ ನಿಂತಿತು. ಮದ್ರಾಸಿನಲ್ಲಿ ಆಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಅಂತೂ ಅದಕ್ಕೂ ಎಷ್ಟೋ ಮೊದಲೇ ಹೋಯಿತು. ಅಂಗಡಿಯಲ್ಲಿ ಕೇಳಿದರೆ "ಬರಲ್ಲ ಸಾರ್" ಅನ್ನುತ್ತಾರೆ. ಸಾಮಾನು ಸಿಗದೇ ಇರುವ ಕಡೆಯೇ ಮೋಸಕ್ಕೆ ಜಾಗ ಜಾಸ್ತಿ.

ನಮ್ಮ ಪದ್ಮಿನಿಗೆ ಬ್ರೇಕ್ ಮಾಸ್ಟರ್ ಸಿಲಿಂಡರ್ ಬೇಕಿತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ನೀವು ಪೆಡಲ್ ತುಳಿದಾಗ ಒಳಗಿನ ಪಿಸ್ಟನ್ನು ಮುಂದೆ ಹೋಗುತ್ತದೆ. ಅದರ ಮುಂದಿರುವ ರಬ್ಬರ್ ಕಪ್ಪು, ಅಂದರೆ ಬಟ್ಟಲಿನಂಥ ವಾಷರ್, ಬ್ರೇಕ್ ಆಯಿಲನ್ನು ತಳ್ಳುತ್ತದೆ. ಆ ಒತ್ತಡ ಪೈಪಿನಲ್ಲಿ ಹೋಗಿ ಚಕ್ರದ ಡ್ರಮ್ಮಿನೊಳಗಿನ ಶೂಗಳನ್ನು ಅಗಲಿಸುತ್ತದೆ. ಈಗಿನ ಕಾರುಗಳಲ್ಲಿ ಎರಡು ಲೈನ್ ಇರುತ್ತದೆ, ಒಂದು ಹೋದರೂ ಇನ್ನೊಂದು ಹಿಡಿಯುತ್ತದೆ. ನಮ್ಮ ಕಾರಿನಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಲೈನು. ಆ ಕಪ್ಪು ಕೈಕೊಟ್ಟರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತದೆ. ಉಳಿಯುವುದು ಹ್ಯಾಂಡ್ ಬ್ರೇಕ್ ಮಾತ್ರ.

ಟಾರ್ಪಾಲ್ ಮೇಲೆ ಒಂದು ಒಳ್ಳೆಯ ಪೀಸ್ ಇತ್ತು. ಎರಕದ ಮೇಲೆ ಉಬ್ಬಿದ ಅಕ್ಷರ ಸ್ಪಷ್ಟವಾಗಿತ್ತು. ಮುಂದಿನ ರಬ್ಬರ್ ಸರಿಸಿ ಬೆರಳು ಆಡಿಸಿದೆ, ಬೋರು, ಅಂದರೆ ಪಿಸ್ಟನ್ ಓಡಾಡುವ ಒಳಗಿನ ಕೊಳವೆ, ನುಣ್ಣಗಿತ್ತು. ಫೋಟೋನೂ ತೆಗೆದುಕೊಂಡೆ. ಬೆಲೆ ₹2,800ಕ್ಕೆ ಕುದುರಿತು. ಆಗ ಮಾರುವವನು, "ಇದು ತೋರ್ಸೋಕೆ ಇಟ್ಟಿರೋದು ಸಾರ್, ಧೂಳು ಕೂತಿದೆ. ಇದರದ್ದೇ ಜೋಡಿ ಸೀಲ್ ಪೀಸ್ ಇದೆ, ಅದನ್ನೇ ಕೊಡ್ತೀನಿ" ಅಂದು ವ್ಯಾನಿನಿಂದ ಒಂದು ಡಬ್ಬಿ ತಂದ. ಹೆಸರುವಾಸಿ ಕಂಪನಿಯ ಹಳೇ ಡಬ್ಬಿ, ಅಂಟುಟೇಪು ಹಳದಿಗಟ್ಟಿತ್ತು. ಬಿಚ್ಚಿ ತೋರಿಸು ಅಂದೆ. ಬಾಯಿ ಅಷ್ಟೇ ತೆರೆದ. ಮೇಣದ ಕಾಗದ, ಗ್ರೀಸು, ಹೊಳೆಯುವ ಕಪ್ಪು ಬಣ್ಣ ಕಂಡಿತು. ಪೂರ್ತಿ ಹೊರಗೆ ತೆಗಿ ಅಂದೆ. "ಸೀಲ್ ಪೂರ್ತಿ ಒಡೆದ್ರೆ ಮಾಲಿನ ಬೆಲೆ ಹೋಗುತ್ತೆ ಸಾರ್. ಎರಡೂ ಒಂದೇ, ನನ್ನ ಮಾತು ಮಾತು" ಅಂದ. ಬಿಲ್ ಕೇಳಿದೆ. "ಸಂತೇಲಿ ಬಿಲ್ ಎಲ್ಲಿಂದ ತರ್ಲಿ?" ಅಂತ ಫೋನ್ ನಂಬರ್ ಬರೆದುಕೊಟ್ಟ.

ಜೊತೆಗೆ ಕಥೆಯೂ ಬಂತು. ಇದು ಕೆಜಿಎಫ್ ಗಣಿಯ ಇಂಗ್ಲಿಷ್ ಸಾಹೇಬರ ಗ್ಯಾರೇಜಿನಿಂದ ಬಂದ ಮಾಲಂತೆ. ನಮ್ಮ ಜಿಲ್ಲೆಯಲ್ಲಿ ಹಳೇ ಸಾಮಾನು ಮಾರುವ ಅರ್ಧ ಜನ ಹೇಳುವುದು ಇದೇ ಕಥೆ. ದೂರದಿಂದ ಬಂದವರು ಕೇಳಿ ಮರುಳಾಗುತ್ತಾರೆ, ಅದಕ್ಕೆ ಲೆಕ್ಕ ಬಿಡಿಸಿ ಹೇಳುತ್ತೇನೆ. ಗಣಿ ನಡೆಸುತ್ತಿದ್ದ ಇಂಗ್ಲಿಷರ ಜಾನ್ ಟೇಲರ್ ಕಂಪನಿ ಅಲ್ಲಿಗೆ ಬಂದಿದ್ದು 1880ರಲ್ಲಿ. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದವು. ಫಿಯೆಟ್ 1100 ಡಿಲೈಟ್ ಬಂದಿದ್ದು 1964ರಲ್ಲಿ, ಅದೇ ಕಾರಿಗೆ ಪದ್ಮಿನಿ ಅನ್ನುವ ಹೆಸರು ಬಂದಿದ್ದು 70ರ ದಶಕದಲ್ಲಿ. ಟೇಲರ್ ಕಂಪನಿಯ ಸಾಹೇಬರ ಗ್ಯಾರೇಜಿನಲ್ಲಿ ಪದ್ಮಿನಿಯ ಸಾಮಾನು ಎಲ್ಲಿಂದ ಬರಬೇಕು? ಗಣಿ ಊರಿನ ಹೆಸರನ್ನು ಹೀಗೆ ಗುಜರಿ ಮಾರಲು ಬಳಸುವುದು ಕಂಡರೆ ನನಗೆ ನಿಜವಾಗಲೂ ಬೇಜಾರಾಗುತ್ತದೆ. ಅಲ್ಲಿ ನೆಲದಡಿ ದುಡಿದ ಮನೆತನಗಳು ಇನ್ನೂ ಅದೇ ಊರಲ್ಲಿವೆ.

ನಮ್ಮ ಮೇಸ್ತ್ರಿ ಆ ಮಾಸ್ಟರ್ ಸಿಲಿಂಡರ್ ಕೂರಿಸಿದರು, ಹೊಸ ಬ್ರೇಕ್ ಆಯಿಲ್ ಹಾಕಿ ನಾಲ್ಕೂ ಚಕ್ರದಲ್ಲಿ ಏರ್ ತೆಗೆದರು. ಒಂದು ಸುತ್ತು ಓಡಿಸಿ ನೋಡಿದೆವು, ಬ್ರೇಕ್ ಗಟ್ಟಿಯಾಗಿಯೇ ಹಿಡಿಯಿತು. ಇಲ್ಲೇ ಇರುವುದು ಅಪಾಯ. ಬೋರು ಸವೆದ ಮಾಸ್ಟರ್, ನೀವು ಥಟ್ಟನೆ ತುಳಿದರೆ ಹಿಡಿಯುತ್ತದೆ. ನಿಧಾನವಾಗಿ ತುಳಿದು ಹಾಗೇ ಒತ್ತಿಕೊಂಡಿದ್ದರೆ ಆಯಿಲ್ ಕಪ್ಪಿನ ಪಕ್ಕದಿಂದ ನುಸುಳಿ ಹಿಂದಕ್ಕೆ ಹೋಗುತ್ತದೆ. ಹೊರಗೆ ಒಂದು ಹನಿಯೂ ಸೋರುವುದಿಲ್ಲ. ಮೇಲಿನ ಡಬ್ಬಿಯಲ್ಲಿ ಆಯಿಲ್ ಇದ್ದಷ್ಟೇ ಇರುತ್ತದೆ. ನೋಡಿದವರಿಗೆ ಎಲ್ಲ ಸರಿ ಇದೆ ಅನಿಸುತ್ತದೆ.

ಕೋಲಾರದ ಎಪಿಎಂಸಿ ಕಡೆ ಟೊಮೆಟೊ ಸೀಸನ್ನಿನಲ್ಲಿ ಗಾಡಿಗಳು ಹೇಗೆ ನಿಲ್ಲುತ್ತವೆ ಅಂತ ಇಲ್ಲಿಯವರಿಗೆ ಗೊತ್ತು. ಕ್ರೇಟ್ ತುಂಬಿದ ಲಾರಿ ಮುಂದೆ, ಹಿಂದೆ ಇನ್ನೊಂದು. ರಸ್ತೆ ಸ್ವಲ್ಪ ಇಳಿಜಾರು. ಬ್ರೇಕ್ ಮೇಲೆ ಕಾಲಿಟ್ಟುಕೊಂಡು ನಿಂತಿದ್ದೆ. ಪೆಡಲ್ ಕಾಲ ಕೆಳಗೆ ಮೆಲ್ಲಗೆ ಕುಸಿಯತೊಡಗಿತು. ನೆಲ ಮುಟ್ಟಿತು. ಕಾರು ಮುಂದಕ್ಕೆ ಜಾರಿತು. ಇನ್ನೊಮ್ಮೆ ಪಟಪಟ ತುಳಿದೆ, ಹಿಡಿಯಿತು, ಮತ್ತೆ ಕುಸಿಯಿತು. ಹ್ಯಾಂಡ್ ಬ್ರೇಕ್ ಎಳೆದ ಮೇಲೆ ನಿಂತಿತು. ಲಾರಿಯ ಹಿಂಭಾಗಕ್ಕೂ ನಮ್ಮ ಬಾನೆಟ್ಟಿಗೂ ಒಂದು ಗೇಣು ಉಳಿದಿತ್ತು. "ಯಾಕಪ್ಪ, ನಿಲ್ಲಿಸಲ್ವಾ?" ಅಂದರು ಅಮ್ಮ. ನನಗೆ ಉತ್ತರ ಕೊಡಲು ಬಾಯಿ ಬರಲಿಲ್ಲ. ಅದರ ಹಿಂದಿನ ವಾರವಷ್ಟೇ ಎಲ್ಲರೂ ನಂದಿ ಬೆಟ್ಟಕ್ಕೆ ಹೋಗಿಬರೋಣ ಅಂತ ಮಾತಾಡಿದ್ದೆವು. ಆ ತಿರುವುಗಳಲ್ಲಿ ಇಳಿಯುವಾಗ ಹೀಗಾಗಿದ್ದರೆ ಅಂತ ಈಗಲೂ ಯೋಚಿಸುತ್ತೇನೆ.

ಮಾಸ್ಟರ್ ಬಿಚ್ಚಿದಾಗ ನಾನೂ ಪಕ್ಕದಲ್ಲೇ ಕೂತಿದ್ದೆ. ಮೇಸ್ತ್ರಿ ಸ್ಕ್ರೂಡ್ರೈವರ್ ತುದಿಯಿಂದ ಬಣ್ಣ ಕೆರೆದರು. ಕೆಳಗೆ ಹಳೇ ತುಕ್ಕು. ಅಕ್ಷರ ಇರಬೇಕಾದ ಜಾಗದಲ್ಲಿ ಅರದಿಂದ ಉಜ್ಜಿದ ಗೀರುಗಳು. ನನ್ನ ಫೋಟೋದಲ್ಲಿದ್ದ ಪೀಸಿನಲ್ಲಿ ಅದೇ ಜಾಗದಲ್ಲಿ ಅಕ್ಷರ ಇದೆ. ಬಟ್ಟೆಯಿಂದ ಬೋರು ಒರೆಸಿ ಟಾರ್ಚ್ ಬಿಟ್ಟರೆ, ಪಿಸ್ಟನ್ ಓಡಾಡುವ ಕಡೆಯೇ ರಾಗಿ ಕಾಳಿನಷ್ಟು ಗುಳಿಗಳು. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತಿತ್ತು. ಒಂದು ರಬ್ಬರ್ ಕಪ್ಪು ಹೊಸದು. ಇನ್ನೊಂದು ಗಟ್ಟಿಯಾಗಿ ಅಂಚು ಬಿರಿದಿತ್ತು. "ಯಾವ್ದೋ ಗುಜರಿ ಮಾಸ್ಟರ್ ಸಾರ್ ಇದು. ಉಜ್ಜಿ, ಬಣ್ಣ ಹೊಡ್ದು, ಒಂದು ವಾಷರ್ ಹಾಕಿ ಕೊಟ್ಟವ್ರೆ. ಮನುಷ್ಯರು ಕೂರೋ ಗಾಡಿಗೆ ಹಿಂಗಾ ಮಾಡೋದು?" ಅಂದರು. ಮೂವತ್ತು ವರ್ಷದಿಂದ ಹಳೇ ಗಾಡಿ ಕೆಲಸ ಮಾಡುವವರು, ಅವರ ಕೈ ನಡುಗುತ್ತಿತ್ತು.

ಆ ಗ್ರೀಸಿನ ಬಗ್ಗೆಯೂ ಅವರು ಹೇಳಿದ್ದು ಎಲ್ಲರಿಗೂ ಬೇಕಾದ ಮಾತು. ಮಾಮೂಲಿ ಗ್ರೀಸು, ಇಂಜಿನ್ ಆಯಿಲ್, ಸೀಮೆಎಣ್ಣೆ ಇವು ಬ್ರೇಕಿನ ರಬ್ಬರಿಗೆ ಆಗುವುದಿಲ್ಲ. ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಮಾಸ್ಟರ್ ಒಳಗೆ ಮಾಮೂಲಿ ಗ್ರೀಸು ಮೆತ್ತಿದ್ದರೆ, ಅದನ್ನು ಕಟ್ಟಿದವನಿಗೆ ಬ್ರೇಕ್ ಅಂದರೆ ಏನು ಅಂತಲೇ ಗೊತ್ತಿಲ್ಲ ಅಂತ ಅರ್ಥ. ಇನ್ನು ಡಬ್ಬಿ ಅಸಲಿಯೇ ಆಗಿದ್ದರೂ ಒಳಗಿನ ರಬ್ಬರ್ ದಶಕಗಳಿಂದ ಕೂತಿರುತ್ತದೆ. ಹೊಸ ರಬ್ಬರ್ ಕಿಟ್ ಹಾಕದೆ ಓಡಿಸಬಾರದು. ನಮ್ಮ ಕಾರಿನ ಸ್ವಂತ ಮಾಸ್ಟರನ್ನೇ ಲೇತಿಗೆ ಕೊಟ್ಟು, ಬೋರಿನ ಒಳಗೆ ಹಿತ್ತಾಳೆ ಸ್ಲೀವ್ (ತೆಳು ಕೊಳವೆ) ಹಾಕಿಸಿ, ಹೊಸ ಕಪ್ಪು ಕೂರಿಸಿದೆವು. ಸಂತೆಯ ಪೀಸಿಗಿಂತ ಜಾಸ್ತಿ ಖರ್ಚಾಯಿತು. ಈಗ ಪೆಡಲ್ ಕಲ್ಲಿನಂತೆ ನಿಲ್ಲುತ್ತದೆ.

ಅವನು ಕೊಟ್ಟ ನಂಬರ್ ಸ್ವಿಚ್ಡ್ ಆಫ್. ಫೋನಿನಲ್ಲಿ ಹಣ ಹಾಕಿದಾಗ ಬಂದ ಹೆಸರು ಬೇರೆ ಯಾರದ್ದೋ. ಸಂತೆ ನಡೆಸಿದವರಿಗೆ ಫೋನ್ ಮಾಡಿದರೆ, "ನಾವು ಜಾಗ ಕೊಡ್ತೀವಿ ಅಷ್ಟೇ, ಮಾಲು ನಮ್ಮದಲ್ಲ" ಅಂದರು. ಒಳಗೆ ಬರುವಾಗ ನಮ್ಮ ಹತ್ತಿರ ಟಿಕೆಟ್ ಹಣ ತೆಗೆದುಕೊಳ್ಳುತ್ತಾರೆ, ಮಳಿಗೆಯವರ ಹತ್ತಿರ ಬಾಡಿಗೆ ತೆಗೆದುಕೊಳ್ಳುತ್ತಾರೆ. ಹಾಗಿದ್ದ ಮೇಲೆ ಯಾರು ಎಲ್ಲಿ ಕೂತಿದ್ದರು ಅಂತ ಹೆಸರು, ವಿಳಾಸ ಬರೆದಿಟ್ಟುಕೊಳ್ಳುವುದು ಅವರ ಕೆಲಸ ಅಲ್ವಾ? ನನ್ನ ಸಿಟ್ಟು ಮಾರಿದವನ ಮೇಲೆ ಎಷ್ಟಿದೆಯೋ ಇವರ ಮೇಲೂ ಅಷ್ಟೇ ಇದೆ.

"ಸಂತೇಲಿ ಬಿಲ್ ಕೊಡಲ್ಲ" ಅನ್ನುವುದನ್ನು ಒಪ್ಪಬೇಡಿ. ವ್ಯಾಪಾರಿ ಬಿಲ್ಲು ಅಥವಾ ರಶೀದಿ ಕೊಡದೇ ಇರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಅಂತಲೇ ಹೇಳುತ್ತದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಸಮಯ ಇರುತ್ತದೆ, ಕೊಟ್ಟ ಬೆಲೆ ₹5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ಆದರೆ ಯಾರ ಮೇಲೆ ದೂರು ಅನ್ನುವುದು ಗೊತ್ತಿರಬೇಕು. ಹಾಗಾಗಿ ಹಣ ಕೊಡುವ ಮೊದಲೇ ಮಳಿಗೆ, ಮಾರುವವರು, ವ್ಯಾನಿನ ನಂಬರ್ ಪ್ಲೇಟ್, ಕ್ಯೂಆರ್ ಹಾಳೆ ಎಲ್ಲದರ ಫೋಟೋ ತೆಗೆಯಿರಿ. ಬೇಡ ಅಂದವರ ಹತ್ತಿರ ವ್ಯಾಪಾರವೇ ಬೇಡ. ನಾನು 1915 ಗ್ರಾಹಕ ಸಹಾಯವಾಣಿಗೆ ದೂರು ಬರೆಸಿದ್ದೇನೆ. ಹಣ ಯಾರ ಖಾತೆಗೆ ಹೋಯಿತೋ ಆ ಹೆಸರಿನ ಬೆನ್ನು ಹತ್ತಿದ್ದೇನೆ.

ಇನ್ನೊಂದು ವಿಷಯ, ಇದು ಬ್ರೇಕಿನಷ್ಟೇ ಗಂಭೀರ. ಅದೇ ಸಾಲಿನಲ್ಲಿ ಒಬ್ಬರು ಚಾಸಿ ನಂಬರಿನ ತಗಡುಗಳನ್ನು "ಬುಕ್ ಸಮೇತ", ಅಂದರೆ ಆರ್‌ಸಿ ಜೊತೆ, ಮಾರುತ್ತಿದ್ದರು. ಇನ್ನೊಂದು ಕಡೆ ಇಂಜಿನ್ ಬ್ಲಾಕಿನ ನಂಬರ್ ಇರುವ ಜಾಗ ಗ್ರೈಂಡ್ ಮಾಡಿ ಚಪ್ಪಟೆಯಾಗಿತ್ತು. ಇಂಥದ್ದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ. ಕದ್ದ ಮಾಲು ಅಂತ ಗೊತ್ತಿದ್ದೂ, ಅಥವಾ ಅನುಮಾನಕ್ಕೆ ಕಾರಣ ಇದ್ದೂ ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ನಿನಲ್ಲಿ ಮೂರು ವರ್ಷದವರೆಗೆ ಜೈಲಿದೆ. ನಂಬರ್ ಉಜ್ಜಿದ ಬ್ಲಾಕಿಗಿಂತ ದೊಡ್ಡ ಅನುಮಾನ ಏನು ಬೇಕು?

"ವಿಂಟೇಜ್ ಮಾಡಿಸ್ಕೊಳ್ಳಿ, ಎಲ್ಲ ಸರಿ ಹೋಗುತ್ತೆ" ಅಂತ ಧೈರ್ಯ ಹೇಳುವವರೂ ಅಲ್ಲಿದ್ದರು. ನಂಬಬೇಡಿ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಲ್ಲಿ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ವಾಹನಗಳಿಗೆ ಮಾತ್ರ ವಿಂಟೇಜ್ ನೋಂದಣಿ. ಶುಲ್ಕ ₹20,000, ಅವಧಿ 10 ವರ್ಷ, ನಂಬರಿನಲ್ಲಿ ವಿಎ ಅನ್ನುವ ಅಕ್ಷರ ಬರುತ್ತದೆ. ಆದರೆ ಚಾಸಿ, ಬಾಡಿ, ಇಂಜಿನ್ ಮೂಲ ರೂಪದಿಂದ ಹೆಚ್ಚು ಬದಲಾಗಿರಬಾರದು. ಬೇರೆ ಗಾಡಿಯ ತಗಡು ಬಡಿದ ಕಾರಿಗೆ ಅದು ರಕ್ಷಣೆ ಕೊಡುವುದಿಲ್ಲ, ಇದ್ದ ಆರ್‌ಸಿಯೂ ಕೈಬಿಡಬಹುದು.

ಹಬ್‌ಕ್ಯಾಪು, ಕನ್ನಡಿ, ಹಾರ್ನು, ಹ್ಯಾಂಡಲ್ಲು ಧಾರಾಳವಾಗಿ ತನ್ನಿ. ಜೇಬಲ್ಲಿ ಒಂದು ಆಯಸ್ಕಾಂತ ಇಟ್ಟುಕೊಳ್ಳಿ. ಹಿತ್ತಾಳೆಯ ಹೆಡ್‌ಲೈಟ್ ರಿಂಗ್ ಅಂತ ಹೇಳಿದ್ದಕ್ಕೆ ಅದು ಗಟ್ಟಿಯಾಗಿ ಅಂಟಿದರೆ ಅದು ಕಬ್ಬಿಣ. ಬಾಗಿಲಿನ ತಗಡಿಗೆ ಅಂಟದಿದ್ದರೆ ಒಳಗೆ ಪುಟ್ಟಿ ತುಂಬಿದೆ. ನಿಮ್ಮ ಹಳೇ ಪೀಸನ್ನೂ ಜೊತೆಗೆ ಒಯ್ದು ಪಕ್ಕಪಕ್ಕ ಇಟ್ಟು ನೋಡಿ. ಬ್ರೇಕು, ಸ್ಟೀರಿಂಗು, ಪೆಟ್ರೋಲ್ ಪೈಪು ಇವು ಮಾತ್ರ ಸಂತೆಯಿಂದ ಬೇಡ.

ಈ ಸಲದ ಸಂತೆಯಲ್ಲಿ ಹಳದಿ ಟೇಪಿನ ಹಳೇ ಡಬ್ಬಿಯ ಬ್ರೇಕ್ ಮಾಸ್ಟರ್ ಯಾರಾದರೂ ತಂದಿದ್ದರೆ ಇವತ್ತೇ ಹೀಗೆ ಮಾಡಿ. ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ಪೆಡಲನ್ನು ನಿಧಾನವಾಗಿ ಒತ್ತಿ, ಒಂದು ನಿಮಿಷ ಕಾಲು ತೆಗೆಯಬೇಡಿ. ಕೂದಲೆಳೆಯಷ್ಟು ಕೆಳಗಿಳಿದರೂ ಗಾಡಿ ಹೊರಗೆ ತೆಗೆಯಬೇಡಿ. ಮೇಸ್ತ್ರಿಯನ್ನು ಮನೆಗೇ ಕರೆಸಿ.