ಡಯಲ್-ಅಪ್ ಅರ್ಧಕ್ಕೇ ನಿಂತಾಗ: ಒಳಗಿನ ಕಾರ್ಡ್ ಮೋಡೆಮ್ ಒಳ್ಳೆಯದೋ, ಹೊರಗಿನ ಸೀರಿಯಲ್ ಮೋಡೆಮ್ ಒಳ್ಳೆಯದೋ?

ಹಳೆಯ ಎರಡು ಪಿಸಿಗಳನ್ನು ಫೋನ್ ಲೈನಿನ ಮೇಲೆ ಕೂಡಿಸುವ ಹವ್ಯಾಸ ನಿಮಗೂ ಇದ್ದರೆ, ಹೊರಗಿಡುವ ಸೀರಿಯಲ್ ಮೋಡೆಮನ್ನೇ ಕೊಳ್ಳಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎರಡೂ ಬಗೆಯವನ್ನು ಸೆಕೆಂಡ್ ಹ್ಯಾಂಡ್ ಕೊಂಡು, ಹಳೆಯದೊಂದು ಇಪಿಎಬಿಎಕ್ಸ್‌ನ (ಕಚೇರಿಯೊಳಗಿನ ಫೋನ್‌ಗಳನ್ನು ಕೂಡಿಸುವ ಸಣ್ಣ ಎಕ್ಸ್‌ಚೇಂಜಿನ) ಎರಡು ಎಕ್ಸ್‌ಟೆನ್ಶನ್‌ಗಳ ನಡುವೆ ಓಡಿಸಿ ನೋಡಿದ ಮೇಲೆ ಹೇಳುತ್ತಿದ್ದೇನೆ. ಎರಡೂ ಪಿಸಿಗಳಲ್ಲಿ ಡೆಬಿಯನ್ ಲಿನಕ್ಸ್ ಇದೆ. ಕರೆ ಮಾಡುವ ಕಡೆ ಪಿಪಿಪಿಡಿ (ಫೋನ್ ಲೈನಿನ ಮೇಲೆ ನೆಟ್‌ವರ್ಕ್ ನಡೆಸುವ ಪಿಪಿಪಿ ಎಂಬ ನಿಯಮಾವಳಿಯ ತಂತ್ರಾಂಶ), ಕರೆ ಎತ್ತುವ ಕಡೆ ಎಂಗೆಟ್ಟಿ (ಬಂದ ಕರೆ ಎತ್ತಿ ಲಾಗಿನ್ ಕೇಳುವ ತಂತ್ರಾಂಶ).

ವೇಗದಲ್ಲಿ ಏನೂ ವ್ಯತ್ಯಾಸವಿಲ್ಲ. ಎರಡೂ ತುದಿ ಅನಲಾಗ್ ಆಗಿದ್ದರೆ 33.6 ಕೆಬಿಪಿಎಸ್ ದಾಟುವುದಿಲ್ಲ. ಪೆಟ್ಟಿಗೆಯ ಮೇಲೆ ಬರೆದಿರುವ 56ಕೆ ಸಿಗಬೇಕಾದರೆ ಒಂದು ತುದಿ ಡಿಜಿಟಲ್ ಆಗಿ ಎಕ್ಸ್‌ಚೇಂಜಿಗೆ ಸೇರಿರಬೇಕು.

ಡಯಲ್ ಟೋನ್ ಗುರುತಿಸದೆ ಎರಡೂ ಮೊಂಡು ಹಿಡಿದವು. ಇನಿಶಿಯಲೈಸೇಶನ್ ಸಾಲಿಗೆ (ಡಯಲ್‌ಗೆ ಮೊದಲು ಮೋಡೆಮ್‌ಗೆ ಕಳಿಸುವ ಆಜ್ಞೆಗಳಿಗೆ) ಎಕ್ಸ್3 ಸೇರಿಸಿದರೆ ಟೋನಿಗೆ ಕಾಯದೆ ಡಯಲ್ ಮಾಡುತ್ತವೆ.

ನನ್ನ ಸಮಯವನ್ನೆಲ್ಲ ತಿಂದದ್ದು ಬೇರೆಯದೇ ತೊಡಕು. ಮೋಡೆಮ್‌ಗಳು ಪರಸ್ಪರ ಕಿರುಚಿ ಮುಗಿಸಿ, ಪರದೆಯ ಮೇಲೆ ‘ಕನೆಕ್ಟ್’ ಬರುತ್ತದೆ. ಆಮೇಲೆ ಏನೂ ಇಲ್ಲ. ಅರ್ಧ ನಿಮಿಷಕ್ಕೆ ಲೈನ್ ಕಟ್. ಲಾಗ್‌ನಲ್ಲಿ ‘ಎಲ್‌ಸಿಪಿ: ಟೈಮೌಟ್ ಸೆಂಡಿಂಗ್ ಕಾನ್ಫಿಗ್-ರಿಕ್ವೆಸ್ಟ್ಸ್’. ಮೋಡೆಮ್‌ಗಳ ಮಾತುಕತೆ ಒಂದು, ಅದರ ಮೇಲೆ ಪಿಪಿಪಿ ನಡೆಸುವ ಮಾತುಕತೆ (ಅದರ ಮೊದಲ ಹಂತವೇ ಎಲ್‌ಸಿಪಿ) ಇನ್ನೊಂದು. ಮೊದಲನೆಯದು ಗೆದ್ದಿದೆ, ಎರಡನೆಯದು ಶುರುವೇ ಆಗಿಲ್ಲ. ಪಿಪಿಪಿಡಿ 3 ಸೆಕೆಂಡಿಗೊಮ್ಮೆ ‘ಹೀಗೆ ಮಾತಾಡೋಣವೇ’ ಎಂದು 10 ಸಲ ಕೇಳಿ, ಉತ್ತರ ಬಾರದಿದ್ದರೆ ಕೈಬಿಡುತ್ತದೆ.

ಉತ್ತರ ಯಾಕೆ ಬರಲಿಲ್ಲ? ಲೈನಿನಲ್ಲಿ ಡೇಟಾ ಹಾಳಾಗಿರಬಹುದು, ಡ್ರೈವರ್ ಕೈಕೊಟ್ಟಿರಬಹುದು, ಅಥವಾ ಆ ತುದಿಯಲ್ಲಿ ಪಿಪಿಪಿ ಎದ್ದೇ ಇಲ್ಲದಿರಬಹುದು. ಕಾರ್ಡ್ ಇದ್ದಾಗ ಈ ಮೂರನ್ನು ಬೇರ್ಪಡಿಸಲು ನನಗೆ ದಾರಿಯೇ ಸಿಗಲಿಲ್ಲ. ಅದು ಸಾಫ್ಟ್‌ಮೋಡೆಮ್, ಸಿಗ್ನಲ್ ಕೆಲಸವನ್ನೆಲ್ಲ ಪಿಸಿಯ ಪ್ರೊಸೆಸರೇ ಮಾಡಬೇಕು. ಪೋರ್ಟ್ ಅಂತ ಕಾಣುವುದೂ ಡ್ರೈವರ್ ಸೃಷ್ಟಿಸಿದ ಹುಸಿ ಪೋರ್ಟ್.

ಎರಡೂ ಕಡೆ ಹೊರಗಿನ ಮೋಡೆಮ್ ಇಟ್ಟ ಮೇಲೆ ದೀಪಗಳೇ ದಾರಿ ತೋರಿಸಿದವು. ಸಿಡಿ (ಕ್ಯಾರಿಯರ್ ಡಿಟೆಕ್ಟ್) ದೀಪ ಅಲುಗದೆ ಉರಿಯುತ್ತಿತ್ತು, ಅಂದರೆ ಮೋಡೆಮ್‌ಗಳನ್ನು ಕೂಡಿಸುವ ಸಿಗ್ನಲ್ ಆದ ಕ್ಯಾರಿಯರ್ ಗಟ್ಟಿಯಾಗಿದೆ. ಎಸ್‌ಡಿ ತಪ್ಪದೆ ಮಿನುಗುತ್ತಿತ್ತು, ನನ್ನ ಕೋರಿಕೆ ಹೊರಡುತ್ತಿದೆ. ಆ ತುದಿಯಿಂದ ಬರುವ ಡೇಟಾ ತೋರಿಸುವ ಆರ್‌ಡಿ ಮಾತ್ರ ಮೊದಲಿಗೊಮ್ಮೆ ಮಿಂಚಿ ಸುಮ್ಮನಾಯಿತು. ಆಮೇಲೆ ಎರಡೂ ಮೋಡೆಮ್ ಕಳಚಿ, ಅವೇ ಸೀರಿಯಲ್ ಪೋರ್ಟ್‌ಗಳ ನಡುವೆ ನಲ್ ಮೋಡೆಮ್ ಕೇಬಲ್ (ಮೋಡೆಮ್ ಇಲ್ಲದೆ ಎರಡು ಪಿಸಿ ಕೂಡಿಸುವ ಕೇಬಲ್) ಹಾಕಿ, ಎರಡೂ ಕಡೆ ನೇರವಾಗಿ ಪಿಪಿಪಿಡಿ ಓಡಿಸಿದೆ. ತಕ್ಷಣ ಕೂಡಿತು! ಅಂದರೆ ಪೋರ್ಟ್‌ಗಳೂ ಪಿಪಿಪಿಡಿಯೂ ಸರಿ. ಈ ಪರೀಕ್ಷೆ ಕಾರ್ಡಿನಲ್ಲಿ ಸಾಧ್ಯವೇ ಇಲ್ಲ, ಕಳಚಲು ಅಲ್ಲಿ ಏನಿದೆ?

ಉಳಿದದ್ದು ಕರೆ ಎತ್ತುವ ಎಂಗೆಟ್ಟಿ. ಮಿನಿಕಾಮ್ ಎಂಬ ಟರ್ಮಿನಲ್ ತಂತ್ರಾಂಶದಿಂದ ಡಯಲ್ ಮಾಡಿದರೆ ‘ಲಾಗಿನ್:’ ಎಂದು ಹೆಸರು ಕೇಳುತ್ತಾ ಕೂತಿತ್ತು. ಅದರ ಲಾಗಿನ್ ಡಾಟ್ ಕಾನ್ಫಿಗ್ ಕಡತದಲ್ಲಿ ‘ಆಟೋಪಿಪಿಪಿ’ ಸಾಲು ಕಮೆಂಟ್ ಆಗಿಯೇ ಬಂದಿರುತ್ತದೆ. ಆ ಸಾಲು ಎಚ್ಚರವಿದ್ದರೆ ಮಾತ್ರ ಎಂಗೆಟ್ಟಿ ಎಲ್‌ಸಿಪಿಯನ್ನು ಗುರುತು ಹಿಡಿದು ಪಿಪಿಪಿಡಿಯನ್ನು ಎಬ್ಬಿಸುತ್ತದೆ. ಇಲ್ಲದಿದ್ದರೆ ಅದನ್ನೂ ಯಾರದೋ ಹೆಸರೆಂದೇ ತಿಳಿಯುತ್ತದೆ. ಮುಂದಿದ್ದ ಹ್ಯಾಶ್ ಗುರುತು ತೆಗೆದೆ, ಎಲ್‌ಸಿಪಿ ದಾಟಿತು. ನಿಮ್ಮ ಲಾಗ್‌ನಲ್ಲಿ ನೀವು ಕಳಿಸಿದ ಮ್ಯಾಜಿಕ್ ನಂಬರೇ (ಪ್ರತಿ ತುದಿಯೂ ತನ್ನ ಗುರುತಿಗೆ ಆರಿಸಿಕೊಳ್ಳುವ ಸಂಖ್ಯೆಯೇ) ವಾಪಸ್ ಬರುತ್ತಿದ್ದರೆ ಆಗಲೂ ಇದನ್ನೇ ಮೊದಲು ನೋಡಿ: ಆ ತುದಿ ಕೇಳಿದ್ದನ್ನೇ ಪ್ರತಿಧ್ವನಿಸುತ್ತಿದೆ.

ಮುಂದೆ ಐಪಿ ವಿಳಾಸ ಕೊಡುವಲ್ಲಿ ಇನ್ನೊಂದು ಸಣ್ಣ ತಡೆ ಎದುರಾಯಿತು. ಪಾಸ್‌ವರ್ಡನ್ನು ಎನ್‌ಕ್ರಿಪ್ಟ್ ಮಾಡದೆ ಕಳಿಸುವ ಪ್ಯಾಪ್ ವಿಧಾನಕ್ಕಿರುವ ಪ್ಯಾಪ್-ಸೀಕ್ರೆಟ್ಸ್ ಕಡತದ ನಾಲ್ಕನೆಯ ಕಾಲಂನಲ್ಲಿ ಆ ಬಳಕೆದಾರನಿಗೆ ಯಾವ ವಿಳಾಸ ಸಲ್ಲುತ್ತದೆಂದು ಬರೆದಿರಬೇಕು. ಇಲ್ಲವಾದರೆ ಪಾಸ್‌ವರ್ಡ್ ಸರಿಯಿದ್ದರೂ ಪಿಪಿಪಿಡಿ ಹೊರಗೆ ಹಾಕುತ್ತದೆ. ಇದು ಯಾವ ಮೋಡೆಮ್‌ನಲ್ಲೂ ಆಗುವಂಥದ್ದೇ. ವಿಂಡೋಸ್ 98ರಿಂದ ಕರೆ ಮಾಡುವವರು, ಸರ್ವರ್ ಪ್ಯಾಪ್ ಕೇಳುವಂತಿದ್ದರೆ, ‘ರಿಕ್ವೈರ್ ಎನ್‌ಕ್ರಿಪ್ಟೆಡ್ ಪಾಸ್‌ವರ್ಡ್’ ಟಿಕ್ ತೆಗೆಯಿರಿ.

ದುಡ್ಡಿನ ಮಾತು: ಕಾರ್ಡಿಗೆ 150 ರೂಪಾಯಿ, ಹೊರಗಿನದಕ್ಕೆ ತಲಾ 800. ನಾನು ಆಪರೇಟಿಂಗ್ ಸಿಸ್ಟಮ್ ಆಗಾಗ ಬದಲಿಸುವವನು. ಕಾರ್ಡಿನ ಲಿನಕ್ಸ್ ಡ್ರೈವರಿನ ಮುಖ್ಯ ಭಾಗ ಮೂಲ ಕೋಡ್ ಇಲ್ಲದ, 32 ಬಿಟ್‌ನ ಮುಚ್ಚಿದ ಕಡತ. ಸೀರಿಯಲ್ ಮೋಡೆಮ್‌ಗೆ ಡ್ರೈವರೇ ಬೇಡ. ಹಾಗಾಗಿ ಆ ಹೆಚ್ಚಿನ ದುಡ್ಡು ನನಗೆ ಭಾರವೆನಿಸಲಿಲ್ಲ. ವಿಂಡೋಸ್ 98 ಒಂದರಲ್ಲೇ ಕೆಲಸ, ಡ್ರೈವರ್ ಸಿಡಿಯೂ ಕೈಯಲ್ಲಿದೆ ಎನ್ನುವವರಿಗೆ ಕಾರ್ಡ್ ಸಾಕು.

ಕೊಳ್ಳುವಾಗ ಕೇಬಲ್ ನೋಡಿ: ಮೂರೇ ತಂತಿಯದು ಬೇಡ, ಡೇಟಾ ಹರಿವನ್ನು ನಿಯಂತ್ರಿಸುವ ಆರ್‌ಟಿಎಸ್, ಸಿಟಿಎಸ್ ತಂತಿಗಳು ಇರಲೇಬೇಕು. ಅಡಾಪ್ಟರ್ ಮೂಲದ್ದನ್ನೇ ಕೇಳಿ ತೆಗೆದುಕೊಳ್ಳಿ. ಹಳೆಯ ಮೋಡೆಮ್‌ಗಳಲ್ಲಿ ಹಲವಕ್ಕೆ 9 ವೋಲ್ಟ್ ಎಸಿ ಬೇಕು. ಅಂಗಡಿಯವರು ಅದೇ ಪಿನ್ ಅಂತ ಡಿಸಿ ಅಡಾಪ್ಟರ್ ಕೊಟ್ಟುಬಿಡುತ್ತಾರೆ.