ರಾತ್ರಿಯಿಡೀ 300 ಕಿಲೋಮೀಟರ್: ಬೆಂಗಳೂರು–ಹಿರಿಯೂರು ಬ್ರೆವೆ ಸವಾರಿಯ ವಿಮರ್ಶೆ

ಕೆಲವು ನೂರು ರೂಪಾಯಿ ಶುಲ್ಕ ಕಟ್ಟಿಸಿಕೊಂಡು, ಅದಕ್ಕೆ ಪ್ರತಿಯಾಗಿ ಊಟ, ನೀರು, ಮೆಕ್ಯಾನಿಕ್, ಹಿಂದೆ ಬರುವ ವಾಹನ ಇವು ಯಾವುದನ್ನೂ ಒದಗಿಸುವುದಿಲ್ಲವೆಂದು ಮೊದಲೇ ಬರೆದು ತಿಳಿಸುವ ಸೇವೆಯನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು? ಬಿಆರ್‌ಎಂ ಅಥವಾ ಬ್ರೆವೆ ಎಂದು ಸೈಕಲ್ ಸವಾರರ ನಡುವೆ ಹೆಸರಾಗಿರುವ ದೂರದ ಸವಾರಿಗಳ ಬಗ್ಗೆ ಬರೆಯಲು ಕುಳಿತವರಿಗೆ ಎದುರಾಗುವ ಮೊದಲ ತೊಡಕು ಇದು. ಈ ಸವಾರಿಗಳ ನಿಯಮಾವಳಿಯನ್ನು ರೂಪಿಸುವುದು 1904ರಲ್ಲಿ ಸ್ಥಾಪನೆಯಾದ, ಪ್ಯಾರಿಸ್ಸಿನ ‘ಆಡಾಕ್ಸ್ ಕ್ಲಬ್ ಪ್ಯಾರಿಸಿಯೆನ್’ ಸಂಸ್ಥೆ. ಆಯಾ ಊರಿನ ಕ್ಲಬ್‌ಗಳು ಅದೇ ನಿಯಮದಂತೆ ಸವಾರಿ ಏರ್ಪಡಿಸಿ ಫಲಿತಾಂಶವನ್ನು ಮಾನ್ಯತೆಗಾಗಿ ಕಳುಹಿಸುತ್ತವೆ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆಗಳ ಗಡುವಿದ್ದು, ತಿನ್ನುವ, ಮಲಗುವ, ಪಂಕ್ಚರ್ ಹಾಕುವ ಸಮಯವೆಲ್ಲ ಅದರೊಳಗೇ ಸೇರುತ್ತದೆ. ಇದು ಸ್ಪರ್ಧೆಯಲ್ಲ, ಮೊದಲು ಬಂದವರಿಗೂ ಗಡುವಿಗೆ ಐದು ನಿಮಿಷ ಮುಂಚೆ ಬಂದವರಿಗೂ ಸಿಗುವ ಮನ್ನಣೆ ಒಂದೇ.

ನಾನಿಲ್ಲಿ ವಿಮರ್ಶಿಸುತ್ತಿರುವುದು ಶನಿವಾರ ಸಂಜೆ ಆರಕ್ಕೆ ಯಶವಂತಪುರದ ಕಡೆಯಿಂದ ಹೊರಟು, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ತುಮಕೂರು, ಶಿರಾ ಮಾರ್ಗವಾಗಿ ಹಿರಿಯೂರು ಮುಟ್ಟಿ, ಅದೇ ದಾರಿಯಲ್ಲಿ ಭಾನುವಾರ ಮಧ್ಯಾಹ್ನ ಎರಡರೊಳಗೆ ಹಿಂತಿರುಗಬೇಕಾದ 300 ಕಿಲೋಮೀಟರಿನ ಸವಾರಿಯನ್ನು. ಸಂಜೆ ಹೊರಡುವ ಬ್ರೆವೆಗಳಿಗೆ ಈಚೆಗೆ ಬೇಡಿಕೆ ಹೆಚ್ಚುತ್ತಿರುವಂತೆ ಕಾಣುತ್ತದೆ. ಬಿಸಿಲಿನ ಕಾಟ ತಪ್ಪುತ್ತದೆ, ನಗರದೊಳಗಿನ ಭಾನುವಾರದ ದಟ್ಟಣೆಗೆ ಮುಂಚೆಯೇ ಬಹುಪಾಲು ದಾರಿ ಮುಗಿದಿರುತ್ತದೆ ಎಂಬ ಲೆಕ್ಕಾಚಾರ ಇದರ ಹಿಂದಿದ್ದು, ಅದು ಒಂದು ಮಟ್ಟಿಗೆ ಸರಿಯೂ ಹೌದು.

ಹೊರಡುವ ಮುನ್ನ ನಡೆಯುವ ತಪಾಸಣೆಯ ವಿಷಯದಲ್ಲಿ ಸಂಘಟಕರಿಗೆ ಪೂರ್ಣ ಅಂಕ ಕೊಡಬೇಕು. ಹೆಲ್ಮೆಟ್, ಮುಂದಿನ ದೀಪ, ಹಿಂದಿನ ಕೆಂಪು ದೀಪ, ಬೆಳಕು ಬಿದ್ದರೆ ಹೊಳೆಯುವ ಜಾಕೆಟ್ ಇಷ್ಟೂ ಕಡ್ಡಾಯ, ಮತ್ತು ದೀಪಗಳು ಸೈಕಲ್ಲಿಗೇ ಬಿಗಿದಿರಬೇಕು. ನನ್ನ ಮುಂದೆ ನಿಂತಿದ್ದ ಹುಡುಗನೊಬ್ಬ ಹಿಂದಿನ ದೀಪವನ್ನು ಬೆನ್ನಿನ ಚೀಲಕ್ಕೆ ಸಿಕ್ಕಿಸಿಕೊಂಡು ಬಂದಿದ್ದ. ತಪಾಸಣೆಗೆ ನಿಂತಿದ್ದ ಹಿರಿಯರು ಅವನನ್ನು ಗದರಲಿಲ್ಲ. ಆತನನ್ನು ಬಗ್ಗಿಸಿ, ಹ್ಯಾಂಡಲ್ ಹಿಡಿದು ಓಡಿಸುವಾಗ ದೀಪವು ಆಕಾಶ ನೋಡುವುದನ್ನು ಜೊತೆಯಲ್ಲಿದ್ದವನ ಮೊಬೈಲಿನಲ್ಲಿ ಫೋಟೊ ತೆಗೆಸಿ ತೋರಿಸಿದರು, ಆಮೇಲೆ ತಾವೇ ರಬ್ಬರ್ ಪಟ್ಟಿ ಹುಡುಕಿ ಅದನ್ನು ಸೀಟಿನ ಕೆಳಗಿನ ಕಂಬಕ್ಕೆ ಕಟ್ಟಿದರು. ಲಾರಿ ಚಾಲಕನ ಕಣ್ಣಿಗೆ ಸವಾರನು ಕಾಣುವುದು ಮುಖ್ಯವಾಗಿ ಆ ದೀಪದಿಂದಾದ್ದರಿಂದ, ಇಡೀ ರಾತ್ರಿಯ ಅತ್ಯುತ್ತಮ ಸೇವೆ ಅದೇ ಎಂದು ನನಗನ್ನಿಸುತ್ತದೆ.

‘ಗುಂಪು ಸವಾರಿ’ ಎಂಬ ಪ್ರಚಾರದ ಮಾತನ್ನು ಮಾತ್ರ ಯಾರೂ ಪೂರ್ತಿ ನಂಬಬಾರದು. ನೆಲಮಂಗಲದವರೆಗೆ ಗುಂಪು ಇರುತ್ತದೆ, ದಾಬಸ್‌ಪೇಟೆ ದಾಟುವಷ್ಟರಲ್ಲಿ ವೇಗಕ್ಕೆ ತಕ್ಕಂತೆ ಚೂರುಚೂರಾಗುತ್ತದೆ, ತುಮಕೂರಿನ ಆಚೆ ನಿಮ್ಮ ಮುಂದೆ ಒಂದು ಕೆಂಪು ಚುಕ್ಕೆ, ಹಿಂದೆ ಒಂದು ಬಿಳಿ ಚುಕ್ಕೆ ಕಂಡರೆ ಅದೇ ಭಾಗ್ಯ. ಆದ್ದರಿಂದ ಹೊರಡುವಾಗಲೇ ನಿಮ್ಮ ವೇಗದ ಮೂರ್ನಾಲ್ಕು ಮಂದಿಯನ್ನು ಗುರುತು ಮಾಡಿಕೊಂಡು, ಕನಿಷ್ಠ ಶಿರಾದಿಂದ ಹಿರಿಯೂರಿನವರೆಗಾದರೂ ಒಟ್ಟಿಗಿರುವ ಒಪ್ಪಂದ ಮಾಡಿಕೊಳ್ಳುವುದು ಜಾಣತನ. ಒಬ್ಬರ ಹಿಂದೊಬ್ಬರು ಅಂಟಿಕೊಂಡು ಹೋದರೆ ಗಾಳಿಯ ಹೊಡೆತ ತಪ್ಪುತ್ತದೆ, ಅದಕ್ಕೆ ಬ್ರೆವೆಯಲ್ಲಿ ಅಡ್ಡಿಯೂ ಇಲ್ಲ. ಆದರೆ ಕತ್ತಲಲ್ಲಿ ಮುಂದಿನವರು ಗುಂಡಿ ತಪ್ಪಿಸಿದ್ದು ಹಿಂದಿನವರಿಗೆ ತಿಳಿಯುವುದು ತಡವಾಗಿ. ಒಂದೂವರೆ ಸೈಕಲ್ಲಿನಷ್ಟಾದರೂ ಅಂತರ ಬೇಕು. ಹಿಂದಿನ ದೀಪವನ್ನು ಮಿಣುಕುವಂತೆ ಇಟ್ಟುಕೊಂಡವರ ಹಿಂದೆ ಅರ್ಧ ಗಂಟೆ ತುಳಿದು ನೋಡಿದವರಿಗೆ, ಅದನ್ನು ಸ್ಥಿರವಾಗಿ ಉರಿಸಬೇಕೆಂದು ಹಳಬರು ಏಕೆ ಅಷ್ಟು ಹಟ ಹಿಡಿಯುತ್ತಾರೆಂಬುದು ಅರ್ಥವಾದೀತು.

ದಾರಿಯ ಆಯ್ಕೆಯಲ್ಲಿ ಒಂದು ಮೋಸವಿದೆ, ಮತ್ತು ಅದನ್ನು ಮಾಹಿತಿ ಪತ್ರದಲ್ಲಿ ಎಲ್ಲೂ ಹೇಳಿರಲಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದರೆ ಹಿರಿಯೂರು ಅದಕ್ಕಿಂತ ಸುಮಾರು 300 ಮೀಟರ್ ತಗ್ಗಿನಲ್ಲಿದೆ. ಹೋಗುವಾಗ ಹೆದ್ದಾರಿ ಕಣ್ಣಿಗೆ ಕಾಣದಂತೆ ಇಳಿಯುತ್ತ ಹೋಗುವುದರಿಂದ ಸವಾರನಿಗೆ ತನ್ನ ಕಾಲಿನ ಬಗ್ಗೆ ಇಲ್ಲದ ಭರವಸೆ ಹುಟ್ಟುತ್ತದೆ. ಆ ಇಳಿಜಾರಿನ ಸಾಲವನ್ನು ತೀರಿಸಬೇಕಾಗುವುದು ನಿದ್ದೆಗೆಟ್ಟ ಬೆಳಗಿನಲ್ಲಿ, ಶಿರಾದಿಂದ ತುಮಕೂರಿನ ಕಡೆಗೆ. ಮಳೆಗಾಲದಲ್ಲಾದರೆ ಇನ್ನೊಂದು ಲೆಕ್ಕ ಸೇರುತ್ತದೆ: ಹಿರಿಯೂರು, ಚಿತ್ರದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಪಶ್ಚಿಮದ ಗಾಳಿ ಹೋಗುವಾಗ ಎದುರಾಗುತ್ತದೆ, ಬರುವಾಗ ಬೆನ್ನು ತಟ್ಟುತ್ತದೆ.

ಹೆದ್ದಾರಿಯ ಅಂಚಿನಲ್ಲಿ ಬಿಳಿ ಗೆರೆಯ ಆಚೆಗಿನ ಪಟ್ಟಿಯೇ ಸೈಕಲ್ಲಿಗೆ ಸುರಕ್ಷಿತ ಎಂದು ಸೂಚನೆಯಲ್ಲಿ ಬರೆದಿತ್ತು. ಲಾರಿಗಳಿಂದ ದೂರವಿರಲು ಅದು ನಿಜ, ಆದರೆ ಟೈರಿಗೆ ಅಲ್ಲಿಯೇ ಗಂಡಾಂತರ. ಒಡೆದ ಲಾರಿ ಟೈರುಗಳಿಂದ ಉದುರಿದ ಉಕ್ಕಿನ ತಂತಿ, ಕೂದಲಿಗಿಂತ ಸ್ವಲ್ಪ ದಪ್ಪ, ಒಂದು ಅಕ್ಕಿಕಾಳಿನುದ್ದ, ಆ ಪಟ್ಟಿಯ ಧೂಳಿನಲ್ಲಿ ಬಿದ್ದಿರುತ್ತದೆ. ಅದು ಟೈರಿನೊಳಗೆ ಹೊಕ್ಕರೆ ಹೊರಗಿನಿಂದ ಕಾಣುವುದಿಲ್ಲ. ಟ್ಯೂಬ್ ಬದಲಿಸಿದ ಹತ್ತು ನಿಮಿಷಕ್ಕೆ ಹೊಸ ಟ್ಯೂಬೂ ಕುಳಿತುಬಿಡುತ್ತದೆ. ಟೈರಿನ ಒಳಮೈಯನ್ನು ಬೆರಳ ತುದಿಯಿಂದ ನಿಧಾನವಾಗಿ ಸವರುತ್ತ ಹೋಗಿ, ಚುಚ್ಚಿದ ಕಡೆ ಚಿಮಟದಿಂದ ಎಳೆದು ತೆಗೆಯುವುದೊಂದೇ ದಾರಿ. ಬಿಡಿ ಟ್ಯೂಬು ಎರಡು, ಪಂಪು ಒಂದು ಎಂದು ಪಟ್ಟಿ ಕೊಟ್ಟ ಸಂಘಟಕರು ಮುಂದಿನ ಸಲ ಆ ಪಟ್ಟಿಗೆ ಚಿಮಟವನ್ನೂ ಸೇರಿಸಬೇಕು.

ಸಂಘಟನೆಯ ನಿಜವಾದ ಕೊರತೆ ಬಯಲಾದದ್ದು ಕಂಟ್ರೋಲುಗಳಲ್ಲಿ, ಅಂದರೆ ಸವಾರ ಬಂದುಹೋದದ್ದಕ್ಕೆ ಪುರಾವೆ ಪಡೆಯಬೇಕಾದ ದಾರಿನಡುವಿನ ತಾಣಗಳಲ್ಲಿ. ಪ್ರತಿ ಕಂಟ್ರೋಲಿಗೂ ತೆರೆಯುವ, ಮುಚ್ಚುವ ಸಮಯವಿದ್ದು, ಗಂಟೆಗೆ 15 ಕಿಲೋಮೀಟರಿನ ಸರಾಸರಿಯಲ್ಲಿ ಲೆಕ್ಕ ಹಾಕಿ, 150ನೆಯ ಕಿಲೋಮೀಟರಿನ ಹಿರಿಯೂರು ಬೆಳಗಿನ ನಾಲ್ಕಕ್ಕೆ ಮುಚ್ಚಬೇಕಿತ್ತು. ಅಲ್ಲಿ ಸ್ವಯಂಸೇವಕರಿರಲಿಲ್ಲ, ನಿಗದಿಯಾದ ಎಟಿಎಂನಿಂದ ಹಣ ತೆಗೆದು, ಸಮಯ ನಮೂದಾದ ಚೀಟಿಯನ್ನು ಸವಾರಿಯ ದಾಖಲೆಯಾದ ಬ್ರೆವೆ ಕಾರ್ಡಿನೊಂದಿಗೆ ಇಟ್ಟುಕೊಳ್ಳಬೇಕೆಂಬ ಏರ್ಪಾಡು. ಯಂತ್ರ ಹಣ ಕೊಟ್ಟಿತು, ಚೀಟಿ ಕೊಡಲಿಲ್ಲ. ರಾತ್ರಿ ಎರಡರ ಹೊತ್ತಿಗೆ ಚಳಿಯಲ್ಲಿ ಬೆವರು ಆರುತ್ತ ನಿಂತ ಏಳೆಂಟು ಜನ ಮತ್ತೊಂದು ಎಟಿಎಂ ಹುಡುಕುತ್ತ ಊರೊಳಗೆ ಅಲೆದೆವು. ಸಂಘಟಕರ ಮೊಬೈಲ್ ರಿಂಗಾಗುತ್ತಿತ್ತೇ ಹೊರತು ಎತ್ತುವವರಿಲ್ಲ. ಕೊನೆಗೆ ಊರಿನ ಹೆಸರಿರುವ ಅಂಗಡಿ ಫಲಕದ ಮುಂದೆ ಸೈಕಲ್ ನಿಲ್ಲಿಸಿ ತೆಗೆದ ಫೋಟೊವನ್ನೇ ಅವರು ಒಪ್ಪಿಕೊಂಡರೆಂಬುದು ನಿಜ. ಆದರೆ ಫೋಟೊ ಸಾಕೆಂದು ಮೊದಲೇ ಹೇಳಿದ್ದರೆ ನಲವತ್ತು ನಿಮಿಷ ಉಳಿಯುತ್ತಿತ್ತು, ಮತ್ತು ನಮ್ಮಲ್ಲಿ ನಿಧಾನವಾಗಿ ತುಳಿಯುವ ಇಬ್ಬರಿಗೆ ಆ ನಲವತ್ತು ನಿಮಿಷವೇ ಮುಂದಿನ ಕಂಟ್ರೋಲಿನಲ್ಲಿ ಮುಳುವಾಯಿತು. ಸವಾರನು ಸ್ವಾವಲಂಬಿಯಾಗಿರಬೇಕೆಂಬ ತತ್ವವನ್ನು ಒಪ್ಪುತ್ತೇನೆ. ಎಟಿಎಂ ಕಾಗದದ ಸುರುಳಿಯನ್ನೂ ಅವನೇ ಹೊತ್ತು ತರಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ.

ಊಟಕ್ಕೆ ಹೆದ್ದಾರಿಯಲ್ಲಿ ಕೊರತೆಯಿಲ್ಲ. ರಾತ್ರಿಯಿಡೀ ತೆರೆದಿರುವ ಲಾರಿ ಢಾಬಾಗಳಲ್ಲಿ ಮೊಸರನ್ನವೋ ಚಪಾತಿಯೋ ಸಿಕ್ಕೇ ಸಿಗುತ್ತದೆ. ಶಿರಾದ ಆಚೆ ಒಂದೆಡೆ ಚಹಾ ಕೊಡುತ್ತಿದ್ದಾತ, ‘ಇಷ್ಟು ದೂರ ತುಳಿಯೋದಕ್ಕೆ ನಿಮಗೆ ಎಷ್ಟು ಕೊಡ್ತಾರೆ ಸಾರ್?’ ಎಂದು ಕೇಳಿದ. ನಾವೇ ದುಡ್ಡು ಕಟ್ಟಿ ಬಂದಿದ್ದೇವೆಂದಾಗ ಅವನ ಮುಖದಲ್ಲಿ ಮೂಡಿದ ಮರುಕ ನಿಜವಾದದ್ದು. ಎರಡನೆಯ ಲೋಟ ಚಹಾಕ್ಕೆ ಆತ ಹಣ ತೆಗೆದುಕೊಳ್ಳಲಿಲ್ಲ.

ಮೂರರಿಂದ ಐದು ಗಂಟೆಯವರೆಗಿನ ಹೊತ್ತಿನ ಬಗ್ಗೆ ಹೊಸಬರಿಗೆ ಎಷ್ಟು ಎಚ್ಚರಿಸಿದರೂ ಸಾಲದು. ತೂಕಡಿಕೆ ಹೇಳಿಕೇಳಿ ಬರುವುದಿಲ್ಲ. ಬಿಳಿ ಗೆರೆ ಎರಡಾಗಿ ಕಾಣತೊಡಗಿದರೆ ಇಳಿದು, ಟೋಲ್ ಹತ್ತಿರವೋ ಪೆಟ್ರೋಲ್ ಬಂಕಿನಲ್ಲೋ ಬೆಳಕಿರುವ ಜಾಗದಲ್ಲಿ ಹದಿನೈದು ನಿಮಿಷ ಅಲಾರಾಂ ಇಟ್ಟು ಮಲಗಬೇಕು. ದೀಪ ಹಾಕದೆ ಅಂಚಿನಲ್ಲಿ ನಿಲ್ಲಿಸಿದ ಲಾರಿಗೆ ಗುದ್ದುವ ಅಪಾಯ ಈ ಹೊತ್ತಿನಲ್ಲಿಯೇ ಹೆಚ್ಚು. ಬೆಳಕು ಹರಿದ ಮೇಲೆ ದೇಹ ತಾನಾಗಿ ಚೇತರಿಸಿಕೊಳ್ಳುತ್ತದೆ, ಮತ್ತು ಕ್ಯಾತ್ಸಂದ್ರ ತಲುಪುವ ವೇಳೆಗೆ ತಟ್ಟೆ ಇಡ್ಲಿಯ ಹೋಟೆಲುಗಳಲ್ಲಿ ಹಬೆ ಏಳುತ್ತಿರುತ್ತದೆ. ಅಲ್ಲಿ ಬೆಣ್ಣೆ ಹಾಕಿದ ಎರಡು ಇಡ್ಲಿಗೆ ನಿಲ್ಲಿಸಿ, ಮೂರನೆಯದಕ್ಕೆ ಆಸೆಪಡದಿರುವುದು ಲೇಸು. ದಾಬಸ್‌ಪೇಟೆಯ ಏರು ಇನ್ನೂ ಮುಂದಿದೆ.

ಒಟ್ಟಿನಲ್ಲಿ ತಪಾಸಣೆಗೆ, ಗಡುವಿನ ವಿಷಯದ ನಿಷ್ಠುರತೆಗೆ ಉತ್ತಮ, ರಾತ್ರಿಯ ಕಂಟ್ರೋಲ್ ವ್ಯವಸ್ಥೆಗೆ ಕಳಪೆ ಎಂದು ಬರೆಯುತ್ತೇನೆ. ಹಗಲಿನ 200 ಕಿಲೋಮೀಟರನ್ನು ಗಡುವಿಗೆ ಒಂದು ಗಂಟೆ ಮೊದಲಾದರೂ ಮುಗಿಸಿರುವವರು, ಹಿಂದೆ ಒಮ್ಮೆಯಾದರೂ ಕತ್ತಲಲ್ಲಿ ಟ್ಯೂಬ್ ಬದಲಿಸಿ ಅಭ್ಯಾಸವಿರುವವರು ಇದಕ್ಕೆ ಹೆಸರು ಕೊಡಬಹುದು. ಒಂದೇ ಋತುವಿನಲ್ಲಿ 200, 300, 400, 600 ನಾಲ್ಕನ್ನೂ ಮುಗಿಸಿ ‘ಸೂಪರ್ ರಾಂಡನೂರ್’ ಆಗಬೇಕೆನ್ನುವವರಿಗಂತೂ ರಾತ್ರಿಯ ಸವಾರಿ ತಪ್ಪಿದ್ದಲ್ಲ. ಋತುವಿನ ಲೆಕ್ಕ ನವೆಂಬರಿನಿಂದ ಶುರುವಾಗುವುದರಿಂದ, ಚಳಿಗಾಲದ ಒಣ ರಾತ್ರಿಗಳಲ್ಲೇ 300 ಮುಗಿಸಿಕೊಳ್ಳುವುದು ಒಳ್ಳೆಯದು. ಪದಕ ಬೇಕಿದ್ದರೆ ಬೇರೆ ಹಣ ಕಟ್ಟಬೇಕು. ಮುಗಿಸಿದ ಮೇಲೆ ಮನೆಗೆ ಹೋಗಲು ಮಾತ್ರ ಮನೆಯವರನ್ನೋ ಆಟೊವನ್ನೋ ಮೊದಲೇ ಗೊತ್ತು ಮಾಡಿಕೊಂಡಿರಿ. ರಾತ್ರಿಯಿಡೀ ಹೆದ್ದಾರಿಯಲ್ಲಿ ಜೋಪಾನವಾಗಿ ಬಂದವರು ತಮ್ಮ ಕಾರು ತಾವೇ ಓಡಿಸಿಕೊಂಡು ಹೊರಡುವುದನ್ನು ಸಂಘಟಕರು ತಡೆಯುವುದಿಲ್ಲ, ತಡೆಯಬೇಕಿತ್ತು.